ತಲೆಗೊಂದು ಗೊಂಬೆ

ದೋಸ್ ನೋಪಾಲೆಸ್ ಕೇರಿಯಲ್ಲಿ ಅಸಮಾನತೆ ಇದೆ ಅನ್ನೋದು ಕೌಂಟಿ ಆರೋಗ್ಯ ಕಚೇರಿಗೆ ಅಧಿಕೃತವಾಗಿ ಗೊತ್ತಾಗಿದ್ದು ಒಂದು ಮಂಗಳವಾರ ಬೆಳಿಗ್ಗೆ, ಕಾಫಿ ಆದಮೇಲೆ. ಅದಕ್ಕೂ ಮುಂಚೆ ಆ ಕೇರಿಯವರಿಗೆ ಬರೀ ಶುಗರ್ ಇತ್ತು. ಅಜ್ಜಿಗಿತ್ತು, ಅಮ್ಮನಿಗಿತ್ತು, ಮನೆತನದ ಮೂಗು ಬಂದ ಹಾಗೆ ತಮಗೂ ಬಂದಿದೆ ಅಂದ್ಕೊಂಡು ಸುಮ್ಮನಿದ್ರು. ನಿಮ್ಮದು ಶುಗರ್ ಅಲ್ಲ, 'ಅಂತರ' ಅಂತ ಕಚೇರಿಯವರು ಬಂದು ಹೇಳಿದ ಮೇಲೇನೇ ತಮ್ಮ ನಿಜವಾದ ಕಾಯಿಲೆ ಯಾವುದು ಅಂತ ಅವರಿಗೆ ತಿಳಿದಿದ್ದು.

ಅಂತರ ಅಂದ್ರೆ ಇಷ್ಟೇ. ಕೇರಿಯವರ ಸರಾಸರಿ ಶುಗರ್ ಒಂದು ಕಡೆ, 'ಇತರರ' ಸರಾಸರಿ ಇನ್ನೊಂದು ಕಡೆ, ಮಧ್ಯೆ ಉಳಿಯೋ ಜಾಗವೇ ಅಂತರ. ಇತರರು ಯಾರು ಅಂತ ಹುಡುಕೋಕೆ ಕೌಂಟಿಯೆಲ್ಲ ಸುತ್ತಿ ಬೆರಳು ಚುಚ್ಚಬೇಕಿತ್ತು. ಅದಕ್ಕೆ ಡೀಸೆಲ್ ಮಂಜೂರಾಗಿರಲಿಲ್ಲ. ಹಾಗಾಗಿ 'ಕಚೇರಿ ಸಿಬ್ಬಂದಿಯನ್ನೇ ಇತರರು ಎಂದು ಪರಿಗಣಿಸತಕ್ಕದ್ದು' ಅಂತ ನಿಯಮ ಮಾಡಿಕೊಂಡ್ರು. ಕಚೇರಿಯವರೋ, ಮಧ್ಯಾಹ್ನ ಹಸಿ ಸೊಪ್ಪು ತಿಂದು, ಸಂಜೆ ಜಿಮ್ಮಿನ ತಂಪಲ್ಲಿ ನಿಂತಲ್ಲೇ ಓಡೋ ಜನ. ಕೇರಿಯವರು ಬೆಳಗಿಂದ ಈರುಳ್ಳಿ ಹೊಲದಲ್ಲಿ ಬಗ್ಗಿದ್ದು, ಸಂಜೆ ಬಂದ್ರೆ ಹತ್ತಿರದಲ್ಲಿ ಇರೋದು ಪೆಟ್ರೋಲ್ ಬಂಕಿನ ಅಂಗಡಿ ಒಂದೇ. ಅಲ್ಲಿ ನೀರಿಗಿಂತ ಸೋಡಾ ಅಗ್ಗ. ಹೀಗಾಗಿ ಇಡೀ ಕೇರಿಯಲ್ಲಿ ಗಟ್ಟಿಮುಟ್ಟಾಗಿದ್ದಿದ್ದು ಅಂದ್ರೆ ಅಂತರ ಮಾತ್ರ.

ಕೇರಿಯ ಹೆಂಗಸು ಚೆಲೋಗೆ ಈ ಅಂತರದ ಬಗ್ಗೆ ಏನೂ ಬೇಸರ ಇರಲಿಲ್ಲ. ಅದು ಇರೋದ್ರಿಂದಲೇ ಪ್ರತಿ ಗುರುವಾರ ಕಚೇರಿಯ ಬಸ್ಸು ಬರ್ತಿತ್ತು. ಬಸ್ಸೊಳಗೆ ಕಾಲಿನ ಡಾಕ್ಟ್ರು ಇರ್ತಿದ್ರು. ಚೆಲೋ ಗಂಡ ಎರಾಸ್ಮೋ ಹೋದ ಬೇಸಿಗೆಯಲ್ಲಿ ಜಾಲಿಮುಳ್ಳು ತುಳಿದಿದ್ದ. ಶುಗರಿನ ದೆಸೆಯಿಂದ ಪಾದ ಜೋಮು ಹಿಡಿದಿತ್ತಲ್ಲ, ಮುಳ್ಳು ಬೂಟಿನೊಳಗೇ ಮನೆ ಮಾಡಿಕೊಂಡು ಎಷ್ಟು ದಿನ ಇತ್ತೋ ಅವನಿಗೇ ಗೊತ್ತಿಲ್ಲ. ಈಗ ಹೆಬ್ಬೆರಳ ಬುಡದಲ್ಲಿ ಗಾಯ. ವಾರವಾರ ಡಾಕ್ಟ್ರು ತೊಳೆದು ಕಟ್ಟು ಹಾಕ್ತಿದ್ರು. "ಇದೊಂದು ತಪ್ಪಿಸಬೇಡಮ್ಮ. ತಪ್ಪಿದ್ರೆ ಬೆರಳು ಹೋಗತ್ತೆ, ಆಮೇಲೆ ಪಾದ" ಅಂದಿದ್ರು. ಪಟ್ಟಣದ ಆಸ್ಪತ್ರೇಲಿ ಕೇಳಿದ್ದಕ್ಕೆ ಆಗಸ್ಟ್‌ನಲ್ಲಿ ಬನ್ನಿ ಅಂದಿದ್ರು. ಆಗಿನ್ನೂ ಡಿಸೆಂಬರ್.

ಆ ಡಿಸೆಂಬರಲ್ಲೇ ರೂಡಿ ಕಾಂತು ಬಂದ. ರೂಡಿ ಇದೇ ಕೇರೀಲಿ ಮೂಗು ಸುರಿಸಿಕೊಂಡು ಬೆಳೆದವನು. ಈಗ ಟೈ ಕಟ್ಟಿ 'ಅಂತರ ಸಂಯೋಜಕ' ಆಗಿದ್ದ. ಚರ್ಚಿನ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಪ್ರಕಟಣೆ ಓದಿದ.

"ಈ ಮೂಲಕ ದೋಸ್ ನೋಪಾಲೆಸಿನ ಸಮಸ್ತ ಶುಗರ್‌ದಾರರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಅಂತರವು ನಿರೀಕ್ಷಿತ ರೀತಿಯಲ್ಲಿ ಸಹಕರಿಸಿರುವುದಿಲ್ಲ. ಕಾಂದೆಲಾರಿಯಾ ಹಬ್ಬದ ಮರುದಿನದ ತಪಾಸಣೆಯೊಳಗೆ ಸದರಿ ಅಂತರ ಕಡಿಮೆಯಾಗದಿದ್ದಲ್ಲಿ, ಬಸ್ಸನ್ನು ಹಿಂಪಡೆಯಲಾಗುವುದು."

"ಅಲ್ಲ ಕಣೋ ರೂಡಿ," ಚೆಲೋ ಎದ್ದು ನಿಂತಳು. "ಕಾಯಿಲೆ ಕಮ್ಮಿ ಆಗ್ಲಿಲ್ಲ ಅಂದ್ರೆ ಔಷಧಿ ಜಾಸ್ತಿ ಮಾಡ್ತಾರೆ. ನೀವು ಡಾಕ್ಟ್ರನ್ನೇ ಎತ್ತಾಕ್ಕೊಂಡು ಹೋಗ್ತೀರಾ?"

"ಅದು ವೈದ್ಯಕೀಯ ನಿಯಮ ದೋನ್ಯಾ ಚೆಲೋ. ಇದು ಆಡಳಿತದ ನಿಯಮ."

"ನಿಮ್ಮಮ್ಮನ ಎದುರಿಗೂ ಹಿಂಗೇ ಮಾತಾಡ್ತೀಯೇನೋ?"

"ಇಲ್ಲ," ಅಂದ ರೂಡಿ ಪ್ರಾಮಾಣಿಕವಾಗಿ. "ಹೊಡೀತಾಳೆ."

ಬಸ್ಸು ಹೋದ್ರೆ ರೂಡಿ ಕೆಲಸವೂ ಹೋಗ್ತಿತ್ತು, ಸಂಯೋಜಿಸೋಕೆ ಏನೂ ಉಳೀತಿರಲಿಲ್ಲ. ಅವನು ಯೋಚನೆ ಮಾಡಿದ. ಜನರನ್ನ ಅವರ ಸಂಪ್ರದಾಯದ ಮೂಲಕವೇ ಮುಟ್ಟಬೇಕು ಅಂತ ಮೇಲಿನಿಂದ ಸುತ್ತೋಲೆ ಇತ್ತು. ಜನವರಿ ಆರಕ್ಕೆ ಮೂವರು ರಾಜರ ಹಬ್ಬ, ಅವತ್ತು ಮನೆಮನೇಲಿ ರೋಸ್ಕಾ ಕತ್ತರಿಸ್ತಾರೆ. ಉಂಗುರದ ಆಕಾರದ ದೊಡ್ಡ ಸಿಹಿ ಬ್ರೆಡ್ಡು, ಮೇಲೆ ಬಣ್ಣಬಣ್ಣದ ಹಣ್ಣಿನ ಚೂರು, ಒಳಗೆಲ್ಲೋ ಅರ್ಧ ಬೆರಳುದ್ದದ ಪ್ಲಾಸ್ಟಿಕ್ ಮಗುವಿನ ಗೊಂಬೆ. ಯಾರ ತುಂಡಿಗೆ ಆ ಮಗು ಸಿಗತ್ತೋ ಅವರು ಫೆಬ್ರವರಿ ಎರಡರ ಕಾಂದೆಲಾರಿಯಾಕ್ಕೆ ಅಲ್ಲಿದ್ದವರಿಗೆಲ್ಲ ತಮಾಲೆ ಮಾಡಿ ಹಾಕಬೇಕು. ಜೋಳದ ಹಿಟ್ಟಿಗೆ ಹಂದಿ ಕೊಬ್ಬು ನಾದಿ, ಮಾಂಸ ತುಂಬಿ, ಜೋಳದ ಸಿಪ್ಪೇಲಿ ಸುತ್ತಿ ಹಬೇಲಿ ಬೇಯಿಸೋ ಕೆಲಸ, ಸೊಂಟ ಬಿದ್ದು ಹೋಗತ್ತೆ. ಅದಕ್ಕೇ ಎಲ್ಲರೂ ರೋಸ್ಕಾನ ಮುಳ್ಳಿರೋ ಮೀನು ತಿನ್ನೋ ಹಾಗೆ ತಿಂತಾರೆ. ಚೆಲೋಳ ಕೊಮಾದ್ರೆ ಲೀಚಾ, ಅಂದ್ರೆ ಚೆಲೋ ಮಗಳಿಗೆ ದೀಕ್ಷಾಸ್ನಾನದಲ್ಲಿ ಧರ್ಮತಾಯಿ ಆದವಳು, ಗೊಂಬೆ ಸಿಕ್ಕರೆ ದವಡೇಲಿ ಇಟ್ಕೊಂಡು ಮನೆಗೆ ಹೋಗೋ ತನಕ ಬಾಯಿ ಬಿಡದೇ ಇರೋದ್ರಲ್ಲಿ ಪಳಗಿದವಳು.

ಆರೋಗ್ಯ ಕಚೇರಿ ವತಿಯಿಂದ ಸಾಮೂಹಿಕ ರೋಸ್ಕಾ, ಜೊತೆಗೆ ಶುಗರ್ ಬಗ್ಗೆ ಭಾಷಣ ಅಂತ ತೀರ್ಮಾನ ಆಯ್ತು. ಸಕ್ಕರೆ ಇಲ್ಲದ ರೋಸ್ಕಾ ಮಾಡಿಕೊಡು ಅಂದಿದ್ದಕ್ಕೆ ಬೇಕರಿಯವನು, "ಹಂಗೆ ಮಾಡಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ" ಅಂದ. ಸತ್ತವರ ಭಾವನೆಗೂ ಬೆಲೆ ಕೊಟ್ಟು ಸಕ್ಕರೆ ಹಾಕಿಸಿದ್ರು.

ಕಡತ, ಕಚೇರಿಯ ನಿರ್ದೇಶಕಿ ಪ್ರೆಸ್ಕಾಟ್ ಮೇಡಂ ಮೇಜಿಗೆ ಹೋಯ್ತು. ಮೇಡಂ ಉತ್ತರದ ಕಡೆಯಿಂದ ಬಂದವರು, ಕಟ್ಟುನಿಟ್ಟು, ಕರುಣೆಯುಳ್ಳವರು. ಓದಿದವರೇ ಪೆನ್ನು ಕೆಳಗಿಟ್ರು.

"ರೂಡಿ, ಈ ಗೊಂಬೆ ಕೆಲವರಿಗೆ ಸಿಗತ್ತೆ, ಕೆಲವರಿಗೆ ಸಿಗಲ್ಲ?"

"ಹೌದು ಮೇಡಂ."

"ಅಸಮಾನತೆ ನಿವಾರಿಸೋ ಕಚೇರಿಯ ದುಡ್ಡಲ್ಲಿ?"

ರೂಡಿಗೆ ತಲೆ ಎತ್ತೋಕೆ ನಾಚಿಕೆ ಆಯ್ತು. ಗೊಂಬೆ ಸಿಕ್ಕವರಿಗೆ ಏನು ಗ್ರಹಚಾರ ಕಾದಿರತ್ತೆ ಅಂತ ಹೇಳೋಣ ಅಂದ್ಕೊಂಡ, ಆದರೆ ಮೇಡಂ ಆಗಲೇ ಸಹಿ ಹಾಕಿ ಆಗಿತ್ತು: 'ಪ್ರತಿ ತುಂಡಿನಲ್ಲಿಯೂ ತಲಾ ಒಂದು ಗೊಂಬೆಯನ್ನು ಅಳವಡಿಸತಕ್ಕದ್ದು. ಯಾರನ್ನೂ ಕೈಬಿಡತಕ್ಕದ್ದಲ್ಲ.'

ಹಬ್ಬದ ದಿನ ಹಾಲ್ ತುಂಬಿತ್ತು. ಕೇರಿಯವರ ಎದುರಿಗೆ ಕಚೇರಿಯವರೂ ಸಾಲಾಗಿ ಕೂತಿದ್ರು. ರೋಸ್ಕಾ ಹಂಚಿದ್ರು. ಮೊದಲು ಲೀಚಾ ಕಚ್ಚಿದಳು, ಕಣ್ಣು ದೊಡ್ಡದು ಮಾಡಿ, ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಳು. ಆಮೇಲೆ ಪಕ್ಕದವನೂ ಸುಮ್ಮನಾದ. ಅವನ ಪಕ್ಕದವಳೂ ಸುಮ್ಮನಾದಳು. ನೋಡ್ತಾ ನೋಡ್ತಾ ಇಡೀ ದೋಸ್ ನೋಪಾಲೆಸ್ ಕೆನ್ನೆ ಉಬ್ಬಿಸಿಕೊಂಡು ಮೌನ ವ್ರತ ಹಿಡಿದ ಹಾಗೆ ಕೂತಿತ್ತು. ಇಷ್ಟು ಗಮನ ಕೊಟ್ಟು ಶುಗರ್ ಭಾಷಣ ಯಾರೂ ಕೇಳಿರಲಿಲ್ಲ ಅಂತ ಕಚೇರಿಯವರಿಗೆ ತುಂಬಾ ಸಂತೋಷ ಆಯ್ತು.

ಮೌನ ಮುರಿದಿದ್ದು ಪ್ರೆಸ್ಕಾಟ್ ಮೇಡಂ. ಬಾಯಿಂದ ಗೊಂಬೆ ತೆಗೆದು, ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದ್ರು. "ನನಗೂ ಸಿಕ್ತು!"

ಚೆಲೋ ತನ್ನ ಕೆನ್ನೇಲಿದ್ದದ್ದನ್ನ ಕೈಗೆ ಉಗುಳಿಕೊಂಡು ಹೇಳಿದಳು. "ಒಳ್ಳೇದಾಯ್ತು ಮೇಡಂ. ಹಂಗಾದ್ರೆ ಇಲ್ಲಿರೋರಿಗೆಲ್ಲ ನೀವು ತಮಾಲೆ ಹಾಕಬೇಕು."

"ನಾನಾ? ಎಲ್ಲರಿಗೂ?"

"ಎಲ್ರಿಗೂ. ನಾವೂ ನಿಮಗೆ ಹಾಕಬೇಕು. ಬಾಯಿ ಬಿಡ್ರೋ ಎಲ್ಲ, ಇನ್ನೇನು ಮುಚ್ಚಿಡೋದು!"

ಟಪ ಟಪ ಅಂತ ಗೊಂಬೆ ಮೇಜಿನ ಮೇಲೆ ಬಿದ್ವು. ಕಚೇರಿಯ ಲೆಕ್ಕಿಗ ಎದ್ದು, ಎಲ್ಲರೂ ಎಲ್ಲರಿಗೂ ಕೊಡಬೇಕಾದ್ದರಿಂದ ಅದೂ ಇದೂ ವಜಾ ಆಗತ್ತೆ, ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ ಅಂತ ಸೂಚಿಸಿದ.

"ಹರಕೇನ ವಜಾ ಮಾಡ್ತಾನಂತೆ ನೋಡೇ ಕೊಮಾದ್ರೆ," ಅಂದಳು ಲೀಚಾ. "ಇವನ ಮದುವೇಲೂ ಹಿಂಗೇ ಆಗಿರಬೇಕು. ನೀನು ನನ್ನ ನೋಡ್ಕೋ, ನಾನು ನಿನ್ನ ನೋಡ್ಕೋತೀನಿ, ವಜಾ, ಇಬ್ರೂ ಮನೆಗೆ ಹೋಗಿ."

ಲೆಕ್ಕಿಗ ಕೂತ. ಸ್ಥಳೀಯ ಸಂಪ್ರದಾಯಕ್ಕೆ ಚ್ಯುತಿ ತರಬಾರದು ಅನ್ನೋ ಸುತ್ತೋಲೆಗೆ ಸಹಿ ಹಾಕಿದ್ದೇ ಮೇಡಂ. ಒಂದೇ ದಿನ ಅಷ್ಟೊಂದು ಊಟ ಹಾಕೋಕಾಗಲ್ಲ ಅಂತ ನಾಳೆಯಿಂದಲೇ ಸರದಿ ಪ್ರಕಾರ ಶುರು ಅಂತಾಯ್ತು. ಕಚೇರಿಯವರಿಗೆ ತಮಾಲೆ ಸುತ್ತೋಕೆ ಬರ್ತಿರಲಿಲ್ಲ. ಅವರ ಪಾಲಿನದ್ದನ್ನೂ ಕೇರಿಯ ಹೆಂಗಸರಿಂದಲೇ ಸರ್ಕಾರಿ ಖರ್ಚಲ್ಲಿ ಮಾಡಿಸಿದ್ರು.

ಮೊದಲ ವಾರ ಚೆಲೋ ಹಿಟ್ಟು ನಾದ್ತಾ ಕಣ್ಣೀರು ಹಾಕಿದಳು. ಇಷ್ಟೆಲ್ಲ ಕೊಬ್ಬು ತಿಂದ್ರೆ ಕೇರಿ ಶುಗರ್ ಆಕಾಶಕ್ಕೆ ಹೋಗತ್ತೆ, ಬಸ್ಸು ಹೋಗತ್ತೆ, ಎರಾಸ್ಮೋ ಕಾಲು ಹೋಗತ್ತೆ. ಎರಾಸ್ಮೋ ಮಾತ್ರ ಕುರ್ಚಿ ಮೇಲೆ ಕಾಲು ಚಾಚಿ ಕೂತು ಸಮಾಧಾನ ಹೇಳ್ತಿದ್ದ.

"ಹೋದ್ರೆ ಹೋಗ್ಲಿ ಬಿಡೇ. ಒಂದು ಬೂಟಿನ ಖರ್ಚು ಉಳಿಯತ್ತೆ."

"ಬಾಯಿ ಮುಚ್ಚು ಮೂದೇವಿ. ಒಂದೇ ಬೂಟು ಮಾರ್ತಾರೇನು ಎಲ್ಲಾದ್ರೂ?" ಅಂದು ಆಕೆ ಮುಖ ತಿರುಗಿಸಿಕೊಂಡಳು. ರಾತ್ರಿ ಅವನು ಮಲಗಿದ ಮೇಲೆ ಆ ಬೆರಳನ್ನ ಮುಟ್ಟಿ, ಬಿಸಿ ಇದೆಯಾ ಅಂತ ನೋಡೋಳು.

ಒಂದು ದಿನ ರೂಡಿ ಸಿಕ್ಕಾಗ ಕೇಳಿದಳು. "ಅಂತರ ಕಮ್ಮಿ ಆಗ್ಬೇಕು ಅಂದ್ಯಲ್ಲ. ನಮ್ಮದು ಇಳೀಲೇಬೇಕೇನೋ?"

ರೂಡಿ ಅಲ್ಲೇ ನಿಂತು ನಿಯಮ ಪೂರ್ತಿ ಓದಿದ. ಇನ್ನೊಂದು ಸಲ ಓದಿದ. "ಅಂತರ ಕಡಿಮೆ ಆಗತಕ್ಕದ್ದು ಅಂತ ಮಾತ್ರ ಇದೆ ದೋನ್ಯಾ ಚೆಲೋ. ಯಾವ ಕಡೆಯಿಂದ ಅಂತ ಇಲ್ಲ."

ಚೆಲೋ ಬೆರಳಿಗಂಟಿದ ಹಿಟ್ಟು ಕೊಡವಿಕೊಂಡಳು.

"ಪಾಪ ಕಣೋ, ಕಚೇರಿಯವ್ರು," ಅಂದಳು ಚೆಲೋ.

"ಪಾಪಾನೇ," ಅಂದ ರೂಡಿ. "ಮೇಡಂಗೆ ಹಂದಿಮಾಂಸದ್ದು ಇಷ್ಟ. ಲೆಕ್ಕಿಗನಿಗೆ ಒಣದ್ರಾಕ್ಷಿ ಹಾಕಿದ ಸಿಹಿದು."

ಆಮೇಲೆ ಎಲ್ಲ ತಾನಾಗೇ ನಡೀತು. ತಟ್ಟೆ ಖಾಲಿ ಮಾಡೋದು ಮರ್ಯಾದೆ ಅಂತ ಕಚೇರಿಯವರಿಗೆ ಅವರಮ್ಮಂದಿರು ಹೇಳಿಕೊಟ್ಟಿದ್ರು. ಅತಿಥಿ ತಟ್ಟೆ ಖಾಲಿ ಇರೋದು ಮನೆಗೇ ಅವಮಾನ ಅಂತ ಕೇರಿಯವರಿಗೆ ಅವರಮ್ಮಂದಿರು ಹೇಳಿಕೊಟ್ಟಿದ್ರು. ಅವರು ಖಾಲಿ ಮಾಡೋದು, ಇವರು ಬಡಿಸೋದು. ಇಷ್ಟು ಸಂಸ್ಕಾರವಂತರು ಎದುರುಬದುರು ಕೂತರೆ ಮೇಲೆ ಏಳೋರು ಯಾರು? ಕೇರಿಯವರು ತಮಗೆ ಬಂದ ಪಾಲನ್ನ ಫ್ರೀಜರಿಗೆ ಹಾಕಿದ್ರು. ಇಡೀ ದಿನ ಹಬೆ ಮುಂದೆ ನಿಂತ ಹೆಂಗಸರಿಗೆ ಆ ವಾಸನೆಗೇ ಹೊಟ್ಟೆ ತುಂಬ್ತಿತ್ತು, ಒಂದೆರಡು ಚಮಚ ಬೀನ್ಸ್ ತಿಂದು ಮಲಗ್ತಿದ್ರು. ಕಚೇರೀಲಿ ಫ್ರೀಜರ್ ಇರಲಿಲ್ಲ. ಸೊಪ್ಪಿನ ಡಬ್ಬಿಗಳು ಒಂದೊಂದಾಗಿ ಕಾಣೆಯಾದ್ವು. ಜಿಮ್ಮಿಗೆ ಹೋಗೋ ಹೊತ್ತಲ್ಲಿ ಎಲ್ಲರೂ ಮೇಜಿನ ಮೇಲೆ ತಲೆ ಇಟ್ಟು ಕಡತ ಪರಿಶೀಲಿಸ್ತಿದ್ರು.

ಕಾಂದೆಲಾರಿಯಾ ಆಯ್ತು. ಮರುದಿನ ಎರಡೂ ಕಡೆಯವರ ಬೆರಳು ಚುಚ್ಚಿದ್ರು. ಅಂತರ ಪೂರ್ತಿ ಮಾಯ. ಹುಡುಕಿದರೂ ಸಿಗಲಿಲ್ಲ. ಸಿಕ್ಕ ಚೂರು ಉಲ್ಟಾ ಕಡೆಗಿತ್ತು. ಪ್ರೆಸ್ಕಾಟ್ ಮೇಡಂ ಸಂತೋಷದಲ್ಲಿ ಅತ್ತರು, ಒಂದು ಲೋಟ ನೀರು ಕುಡಿದರು, ಇನ್ನೊಂದು ಕುಡಿದರು, ಯಾಕೋ ಇತ್ತೀಚೆಗೆ ಬಾಯಾರಿಕೆ ಜಾಸ್ತಿ ಅಂದ್ರು.

ರೂಡಿ ಪ್ರಕಟಣೆ ಓದಿದ. "ದೋಸ್ ನೋಪಾಲೆಸ್ ನಿವಾಸಿಗಳು ಇಂದಿನಿಂದ ಸಮಾನರೆಂದು ಘೋಷಿಸಲಾಗಿದೆ." ಎಲ್ಲರೂ ಚಪ್ಪಾಳೆ ತಟ್ಟಿದ್ರು. ರೂಡಿ ಹಾಳೆ ತಿರುಗಿಸಿದ, ಅವನ ದನಿ ಸಣ್ಣಗಾಯ್ತು. "ಬಸ್ಸು ಅಪಾಯ ಹೆಚ್ಚಿರುವಲ್ಲಿಗೆ ಹೋಗತಕ್ಕದ್ದಾದ್ದರಿಂದ, ಮುಂದಿನ ಗುರುವಾರದಿಂದ ಅದು ಕಚೇರಿಯ ಅಂಗಳದಲ್ಲಿ ಸಿಬ್ಬಂದಿಗಾಗಿ ನಿಲ್ಲುವುದು."

ಚಪ್ಪಾಳೆ ನಿಂತಿತು. ಸಮಾನರಾಗಿ ಅರ್ಧ ನಿಮಿಷ ಆಗಿತ್ತಷ್ಟೇ.

"ಗೆದ್ವಿ ಕಣೇ," ಅಂದ ಎರಾಸ್ಮೋ, ಕಾಲು ನೋಡಿಕೊಂಡು.

ಚೆಲೋ ಮನೆಗೆ ಹೋಗಲಿಲ್ಲ. ನೆಟ್ಟಗೆ ಪ್ರೆಸ್ಕಾಟ್ ಮೇಡಂ ಮುಂದೆ ಹೋಗಿ ನಿಂತಳು. ಬೈಯೋಣ ಅಂತಲೇ ಹೋಗಿದ್ದು. ಆದರೆ ಮೇಡಂ ಮುಖ ನೋಡಿದ್ರೆ, ಅವರಿಗೂ ಏನೋ ಕಳಕೊಂಡ ಹಾಗಿತ್ತು.

"ಚೆಲೋ, ಹಬ್ಬ ಮುಗೀತಲ್ಲ... ಇನ್ನು ತಮಾಲೆ ಇಲ್ವಾ?"

ಚೆಲೋ ಬೈಗುಳ ನುಂಗಿಕೊಂಡಳು. "ಇದೆಯಲ್ಲ ಮೇಡಂ. ಫ್ರೀಜರ್ ತುಂಬಾ ಇದೆ. ಆದ್ರೆ ಇಲ್ಲಿಗೆ ಹೊತ್ಕೊಂಡು ಬರೋಕಾಗಲ್ಲ, ತಣ್ಣಗಾದ್ರೆ ಮಣ್ಣು. ನೀವೇ ಬರಬೇಕು. ಗುರುವಾರ ಬನ್ನಿ."

"ಗುರುವಾರ ಬಸ್ಸು ಇರತ್ತೆ."

"ರೋಗಿಗಳು ಎಲ್ಲಿರ್ತಾರೋ ಬಸ್ಸು ಅಲ್ಲಿಗೆ ತಾನೇ ಬರೋದು?" ಅಂದಳು ಚೆಲೋ.

ಮುಂದಿನ ಗುರುವಾರದಿಂದ ಕಚೇರಿಯ ವಾರದ ಸಭೆ ದೋಸ್ ನೋಪಾಲೆಸ್‌ನಲ್ಲೇ ನಡೀತಿದೆ. ಅತಿ ಅಪಾಯದ ಗುಂಪಿನ ಹಿಂದೆಯೇ ಬಸ್ಸೂ ಬರತ್ತೆ. ಅಡುಗೆಯವರ ಮನೇಲಿ ಯಾರಿಗಾದ್ರೂ ಹುಷಾರಿಲ್ಲದಿದ್ರೆ ಸಭೆಗೆ ಅಡಚಣೆ ಆಗತ್ತೆ ಅಂತ ಮೇಡಂ ವಿಶೇಷ ಆದೇಶ ಹೊರಡಿಸಿದ್ದಾರೆ. 'ಅಡುಗೆಯವರು ಹಾಗೂ ಅವರ ಮನೆಯವರನ್ನು ಸಭೆಯ ಅಗತ್ಯ ಭಾಗವೆಂದು ಪರಿಗಣಿಸಿ ಚಿಕಿತ್ಸೆ ನೀಡತಕ್ಕದ್ದು.' ಆದೇಶ ಹೊರಬಿದ್ದ ದಿನ ಇಡೀ ಕೇರಿ ಅಡುಗೆಯವರ ಮನೆಯವರಾಯ್ತು.

ಮೊನ್ನೆ ಗುರುವಾರ ಬಸ್ಸಿನೊಳಗೆ ಎರಾಸ್ಮೋ ಮತ್ತು ಮೇಡಂ ಅಕ್ಕಪಕ್ಕ ಬರಿಗಾಲಲ್ಲಿ ಕೂತಿದ್ರು. ಡಾಕ್ಟ್ರು ಕಟ್ಟು ಬಿಚ್ಚಿ ನೋಡಿದ್ರು. ಗಾಯದ ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು, ಎಳೇ ಮಗುವಿನದರ ಹಾಗೆ. "ಬೆರಳು ಉಳೀತು" ಅಂದ್ರು. ಬಾಗಿಲಲ್ಲಿ ನಿಂತಿದ್ದ ಚೆಲೋ ಏಪ್ರನ್‌ನಲ್ಲಿ ಮುಖ ಒರೆಸಿಕೊಂಡಳು.

ಆಮೇಲೆ ಡಾಕ್ಟ್ರು ಮೇಡಂ ಕಡೆ ತಿರುಗಿದ್ರು. "ನಿಮ್ಮದು ಏರ್ತಾನೇ ಇದೆ. ಈ ತಮಾಲೆ ನಿಲ್ಲಿಸಬೇಕು."

ಬಸ್ಸೊಳಗೆ ಎಲ್ಲರೂ ಗಾಬರಿಯಾದ್ರು. ಲೆಕ್ಕಿಗ ಸಾಕ್ಸು ಕೈಯಲ್ಲಿ ಹಿಡ್ಕೊಂಡೇ ಎದ್ದು ನಿಂತ.

"ಅದು ಹೇಗೆ ಸಾಧ್ಯ ಡಾಕ್ಟ್ರೇ?" ಪ್ರೆಸ್ಕಾಟ್ ಮೇಡಂ ಮೆತ್ತಗೆ, ಆದರೆ ದೃಢವಾಗಿ ಕೇಳಿದ್ರು. "ನಾವು ನಿಲ್ಲಿಸಿದ್ರೆ ಮತ್ತೆ ಅಂತರ ಶುರುವಾಗತ್ತೆ."

ಅದು ನಿಜ ಅಂತ ಎಲ್ಲರೂ ತಲೆ ಆಡಿಸಿದ್ರು. ಡಾಕ್ಟ್ರೂ ಸ್ವಲ್ಪ ಯೋಚನೆ ಮಾಡಿ ತಲೆ ಆಡಿಸಿದ್ರು. ಎರಾಸ್ಮೋ ಮೇಡಂ ಕೈ ಹಿಡಿದು ಜೋಪಾನವಾಗಿ ಮೆಟ್ಟಿಲು ಇಳಿಸಿದ. "ಬರಿಗಾಲಲ್ಲಿ ಓಡಾಡಬೇಡಿ ಸೆನ್ಯೋರಾ, ಈ ಕೇರೀಲಿ ಮುಳ್ಳು ಜಾಸ್ತಿ" ಅಂದು ಊಟದ ಸಾಲಿನ ಕಡೆ ಕರ್ಕೊಂಡು ಹೋದ.