ಕಬ್ಬಿನ ಟ್ರ್ಯಾಕ್ಟರೂ ನಮ್ಮ ಶಾಲೆಯ ಕಂಪ್ಯೂಟರೂ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲೂ ಶಾಲೆಯಲ್ಲೂ ದೂರು. ನಾನು ಒಪ್ಪುವುದಿಲ್ಲ. ಸಿಟ್ಟು ಬರಿಸುವ ಜನ ನನ್ನ ಸುತ್ತ ಹೆಚ್ಚಾಗಿದ್ದಾರೆ, ಅಷ್ಟೇ. ಉಗಾರ ಖುರ್ದದ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತ. ಆಫೀಸಿನ ಕಂಪ್ಯೂಟರ್ ಮುದಿಯದು. ಚಾಲೂ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳ ಪರೀಕ್ಷಾ ಅರ್ಜಿ, ಫೋಟೊ, ತಂದೆತಾಯಿಯ ಸಹಿ ಎಲ್ಲ ಅದರಲ್ಲೇ ಇದ್ದವು. ಕಳುಹಿಸಲು ಮೂರೇ ದಿನ ಉಳಿದಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಮಕ್ಕಳ ಕಡತಗಳೆಲ್ಲ ಮಾಯ! ಅವುಗಳ ಜಾಗದಲ್ಲಿ ಬಾಣದ ಗುರುತಿನ ಚಿತ್ರಗಳು. ಯಾವುದನ್ನು ಒತ್ತಿದರೂ ನನಗೆ ಲಾಟರಿ ಹೊಡೆದಿದೆ ಎಂಬ ಶುಭಾಶಯ. ವೈರಸ್ಸು. ಅರ್ಜಿ ಹೋಗದಿದ್ದರೆ ಮಕ್ಕಳು ಪರೀಕ್ಷೆಗೆ ಕೂರುವಂತಿಲ್ಲ. ಎಷ್ಟೋ ಮಕ್ಕಳ ತಂದೆತಾಯಿ ಕಬ್ಬು ಕಡಿಯಲು ಹೋಗಿದ್ದರು, ಮತ್ತೆ ಸಹಿ ತರಿಸುವುದು ಆಗದ ಮಾತು.

ಯಾರದೋ ಪೆನ್ ಡ್ರೈವಿನಿಂದಲೇ ಬಂದಿದೆ ಎಂದು ಕೂಗಾಡಿದೆ. ಮದುವೆ ಫೋಟೊ ತೋರಿಸಲು ಪೆನ್ ಡ್ರೈವ್ ತರುವ ಹೆಡ್ ಮಾಸ್ತರರನ್ನು ಮನಸ್ಸಿನಲ್ಲೂ, ಕಬಡ್ಡಿ ವಿಡಿಯೊ ತರುವ ಪಿ.ಟಿ. ಮಾಸ್ತರರನ್ನು ಬಾಯಿಬಿಟ್ಟೂ ಬೈದೆ. ಸಿಪಾಯಿ ಮಾರುತಿಗಂತೂ ದಿನಕ್ಕೆರಡು ಸಲ ಮಂಗಳಾರತಿ. ಅವನು ತಲೆ ಕೆರೆಯುತ್ತ ನಿಲ್ಲುತ್ತಿದ್ದ, ಅದಕ್ಕೂ ಸಿಟ್ಟು. ಈ ಊರಿಗೆ ಪೆನ್ ಡ್ರೈವ್ ಹುಚ್ಚು ಹಿಡಿಸಿದ್ದೇ ಕಬ್ಬಿನ ಟ್ರ್ಯಾಕ್ಟರುಗಳು. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಶಾಲೆಯ ಮುಂದೆ ಅವುಗಳ ಸಾಲು, ಒಂದೊಂದಕ್ಕೂ ಆಳೆತ್ತರದ ಸ್ಪೀಕರು. ಹಾಡು ತುಂಬಿದ ಒಂದೇ ಪೆನ್ ಡ್ರೈವ್ ಇಡೀ ಸಾಲನ್ನು ಸುತ್ತಿ ಬರುತ್ತದೆ. ನಾನು ಸುಮ್ಮನಿರುವ ಗಿರಾಕಿಯಲ್ಲ. ಹೋದ ವಾರವಷ್ಟೇ ಸಿದರಾಯನೆಂಬ ಡ್ರೈವರನ ಪೆನ್ ಡ್ರೈವ್ ಕಸಿದುಕೊಂಡು, ಆ ಕುಣಿತದ ಹಾಡುಗಳನ್ನು ಅಳಿಸಿ, ವಚನ ತುಂಬಿಸಿ ಕೊಟ್ಟಿದ್ದೆ. ಊರಿಗೆ ಒಂದಿಷ್ಟು ಸಂಸ್ಕಾರ ಬೇಡವೆ?

ನಿಪ್ಪಾಣಿಯ ರಿಪೇರಿ ಅಂಗಡಿಯವನಿಗೆ ಫೋನು ಹಚ್ಚಿದೆ. “ಕಾಯ್ ಕರಾಯ್ಚ ಸರ, ಮತ್ತೇನ್ ಮಾಡೂದ್ರಿ, ಫಾರ್ಮ್ಯಾಟ್ ಹೊಡ್ಯೂಣ್ರಿ” ಎಂದ. ಮಕ್ಕಳ ಅರ್ಜಿಗಳು? “ಹೋಗ್ತಾವ್ರಿ. ಆದ್ರ ಮಷಿನ್ ಮಸ್ತ್ ಓಡ್ತೈತಿ ನೋಡ್ರಿ.” ಅಥಣಿಯವನನ್ನು ಕೇಳಿದರೆ ಅವನದೂ ಅದೇ ಮಾತು. ಹಲ್ಲು ನೋಯುತ್ತದೆ ಎಂದವನ ತಲೆ ತೆಗೆಯುವ ವೈದ್ಯರು ಇವರು.

ಕೊನೆಗೆ ದಾರಿ ತೋರಿಸಿದವರು ಗಣಿತ ಕಲಿಸುವ ಶಿಂಧೆ ಅಕ್ಕೋರು. “ಸರ, ಮೊದಲ ಆ ವಿಂಡೋಸ್ ಚಾಲೂ ಮಾಡೂದು ಬಿಡ್ರಿ. ಪೆನ್ ಡ್ರೈವಿನ್ಯಾಗ ವಿಂಡೋಸಿನ ಬದಲಿಗೆ ನಡಿಯೂ ಒಂದು ಸಣ್ಣ ಲಿನಕ್ಸ್ ಹಾಕಿ, ಅದರಿಂದ ಮಷಿನ್ ಎಬ್ಬಸ್ರಿ. ವೈರಸ್ ಮಲಗೇ ಇರ್ತೈತಿ, ನಾವು ಕಡತ ಹೊರಗ ತಗೊಳ್ಳೂಣು.” ಎಷ್ಟು ಸುಲಭ! ಆದರೆ ಯಾವ ಲಿನಕ್ಸ್? ಅದರಲ್ಲೂ ಹತ್ತಾರು ಬಗೆ, ಎಲ್ಲವೂ ತಮ್ಮನ್ನು ತಾವೇ ಹಗುರ ಎಂದು ಹೇಳಿಕೊಳ್ಳುತ್ತವೆ. ಅಕ್ಕೋರ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡ ಮೊದಲನೆಯದು ನಮ್ಮ ಯಂತ್ರದ ಮೆಮೊರಿ ಸಾಲದೆ ಅರ್ಧಕ್ಕೇ ನಿಂತಿತು. ಎರಡನೆಯದು ಇಂಥ ಹಳೆಯ ಯಂತ್ರದಲ್ಲಿ ತಾನು ಏಳುವುದೇ ಇಲ್ಲ ಎಂದಿತು. ಈ ಕೊಬ್ಬಿಗೆ ಏನನ್ನಬೇಕು? ಮೂರನೆಯದು ನಿಜಕ್ಕೂ ಹಗುರ. ಕಪ್ಪು ಪರದೆಯ ಮೇಲೆ ಮಿಣುಕುವ ಗೆರೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಮೌಸನ್ನು ಎತ್ತಿ ಎಸೆಯುವವನಿದ್ದೆ, ಅಕ್ಕೋರು ಕೈ ಹಿಡಿದರು. ನಾಲ್ಕನೆಯದು ಪುಟ್ಟದು. ಇಡಿಯಾಗಿ ಮೆಮೊರಿಗೆ ಏರಿ ಕೂತಿತು, ಮೌಸಿನ ಮಾತು ಕೇಳಿತು. ಡಿಸ್ಕ್ ತೆರೆದರೆ ನಲವತ್ತೊಂದೂ ಕಡತಗಳು ಅಲ್ಲೇ ಇವೆ! ವೈರಸ್ಸು ಅಡಗಿಸಿಟ್ಟಿತ್ತಷ್ಟೇ. ನನಗೆ ಕಣ್ಣು ತುಂಬಿ ಬಂತು. ಕೊನೆಯ ದಿನ ಮಧ್ಯಾಹ್ನ ಅಕ್ಕೋರ ಲ್ಯಾಪ್‌ಟಾಪಿನಿಂದ ಅರ್ಜಿಗಳನ್ನೆಲ್ಲ ಕಳುಹಿಸಿದೆವು.

ಮರುದಿನ ಎಲ್ಲರನ್ನೂ ನಿಲ್ಲಿಸಿ ಭಾಷಣ ಬಿಗಿದೆ. ‘ಹೊರಗಿನ ಪೆನ್ ಡ್ರೈವ್ ಹಚ್ಚತಕ್ಕದ್ದಲ್ಲ’ ಎಂದು ದಪ್ಪಕ್ಷರದ ನೋಟಿಸು ಬರೆದು ಮಾರುತಿಯ ಕೈಗೆ ಕೊಟ್ಟು, “ಹಚ್ಚಿದವ ಯಾರು ಅಂತ ಇನ್ನs ಗೊತ್ತಾಗಿಲ್ಲ!” ಎಂದು ಗುಡುಗಿದೆ.

“ನನಗ ಗೊತ್ತೈತ್ರಿ ಸರ” ಎಂದ ಮಾರುತಿ. “ಸಿದರಾಯನ ಪೆನ್ ಡ್ರೈವ್ ರೀ. ವಚನ ತುಂಬಾಕ ನೀವs ಹಚ್ಚಿದ್ರಿ.”

“ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲಲೇ?”

“ನಿಮ್ಮ ಸಿಟ್ಟು ಇಳೀಲಿ ಅಂತ ಕಾಯಾಕತ್ತಿದ್ನಿರಿ.”

ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರುತಿ ಆ ನೋಟಿಸನ್ನು ಬಾಗಿಲಿನ ಹೊರಗೆ ಅಂಟಿಸಲಿಲ್ಲ. ಒಳಗೆ, ನನ್ನ ಕುರ್ಚಿಯ ಎದುರಿನ ಗೋಡೆಗೆ, ಕೂತರೆ ನೇರ ಕಣ್ಣಿಗೆ ಬೀಳುವಂತೆ ಅಂಟಿಸಿದ. ಬೈಯೋಣವೆಂದು ಬಾಯಿ ತೆರೆದೆ. ಹೆಡ್ ಮಾಸ್ತರರು, ಪಿ.ಟಿ. ಮಾಸ್ತರರು, ಮಾರುತಿ ಎಲ್ಲರನ್ನೂ ಆಗಲೇ ಬೈದು ಮುಗಿಸಿದ್ದೆ. ಬೈಸಿಕೊಳ್ಳದೆ ಉಳಿದವನು ನಾನೊಬ್ಬನೇ.