ಅಪ್ಪ ಎನಿಸಿಕೊಳ್ಳುವ ಪಾಡು

ಮಗು ಮೊದಲು ‘ಅಮ್ಮ’ ಅಂದಿತೋ ‘ಅಪ್ಪ’ ಅಂದಿತೋ ಎಂದು ವಾದ ಮಾಡುವ ಗಂಡಹೆಂಡಿರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಆ ವಾದವೇ ಏಳಲಿಲ್ಲ. ಒಂದೂವರೆ ವರ್ಷದ ನನ್ನ ಮಗಳು ಸಿರಿ ತಾಯಿಯನ್ನು ‘ಅಮ್ಮ’ ಅನ್ನುತ್ತಾಳೆ, ಅಜ್ಜಿಯನ್ನು ‘ಅಜ್ಜಿ’ ಅನ್ನುತ್ತಾಳೆ, ಬೀದಿಯಲ್ಲಿ ಹೋಗುವ ಎಮ್ಮೆಯನ್ನೂ ‘ಅಮ್ಮೆ’ ಎಂದು ಹೆಚ್ಚುಕಡಿಮೆ ಸರಿಯಾಗಿಯೇ ಕರೆಯುತ್ತಾಳೆ. ನನ್ನನ್ನು ಮಾತ್ರ ‘ತಾತಾ’ ಅನ್ನುತ್ತಾಳೆ.

ನಾವಿರುವುದು ಹೊಸದುರ್ಗದಲ್ಲಿ, ನನ್ನ ಗುಮಾಸ್ತಿಕೆ ಚಿತ್ರದುರ್ಗದಲ್ಲಿ. ಬೆಳಿಗ್ಗೆ ಅವಳು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ನಾನು ಬ್ಯಾಗು ಹೆಗಲಿಗೇರಿಸಿರುತ್ತೇನೆ. ನಮ್ಮತ್ತೆ ಅವಳ ಪುಟ್ಟ ಕೈ ಹಿಡಿದು ಆಡಿಸುತ್ತ, “ಟಾಟಾ ಮಾಡವ್ವಾ, ಟಾಟಾ” ಅನ್ನುತ್ತಾರೆ. ನಾನು ಮರಳುವಷ್ಟರಲ್ಲಿ ಮಗು ಮಲಗಿರುತ್ತದೆ. ಕಂಡದ್ದಕ್ಕೆ ಕೇಳಿದ್ದನ್ನು ಅಂಟಿಸಿಕೊಂಡೇ ಮಕ್ಕಳು ಮಾತು ಕಲಿಯುವುದಲ್ಲವೇ? ದಿನಾ ಬಾಗಿಲು ದಾಟಿ ಹೋಗುವ ಈ ಪ್ರಾಣಿಯ ಹೆಸರೇ ಟಾಟಾ ಎಂದು ಅವಳು ತೀರ್ಮಾನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ‘ಟ’ ಇನ್ನೂ ನಾಲಿಗೆಗೆ ಹೊರಳದೆ ‘ತ’ ಆಗಿದ್ದು ನನ್ನ ಗ್ರಹಚಾರ.

ನಲವತ್ತಕ್ಕೆ ಮದುವೆಯಾಗಿ, ತಲೆಯೆಲ್ಲ ನರೆತವನಿಗೆ ಈ ‘ತ’ ಎಷ್ಟು ಅಪಾಯಕಾರಿ ಎಂಬುದು ಹೊಳಲ್ಕೆರೆಯ ನೆಂಟರ ಮನೆಗೆ ಹೊರಟಾಗ ಬಸ್ಸಿನಲ್ಲಿ ಗೊತ್ತಾಯಿತು. ಮಗು ನನ್ನ ತೊಡೆಯ ಮೇಲೆ ಕೂತು “ತಾತಾ, ತಾತಾ” ಎಂದು ಗಲ್ಲ ತಟ್ಟುತ್ತಿತ್ತು. ಪಕ್ಕದ ಸೀಟಿನ ಹೆಂಗಸೊಬ್ಬರು, “ತಾತನ್ನ ಎಷ್ಟ್ ಹಚ್ಕಂಡೈತೆ ಕೂಸು! ಮಗಳ ಮಗಳೇನ್ರಿ ಯಜಮಾನ್ರೇ?” ಎಂದು ಕೇಳಿದರು. ನನ್ನ ಹೆಂಡತಿ ರತ್ನ ಕಿಟಕಿಯತ್ತ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಪಕ್ಕದ ಸೀಟಿನವರು ರತ್ನಳನ್ನೇ ದಿಟ್ಟಿಸಿ, ನನ್ನತ್ತ ತಿರುಗಿ, “ನಿಮ್ ಮಗಳಿಗೂ ನಿಮ್ದೇ ಮೂಗು ಬಂದೈತೆ ನೋಡ್ರಿ” ಎಂದು ನನ್ನ ಕತೆ ಮುಗಿಸಿದರು.

ಮರುದಿನವೇ ಒಂದು ವಾರ ರಜೆ ಹಾಕಿದೆ. ಅಪ್ಪ ಎನಿಸಿಕೊಂಡೇ ಏಳುವುದೆಂದು ಮಗಳೆದುರು ಚಕ್ಕಳಮಕ್ಕಳ ಹಾಕಿ ಕೂತೆ. ನನ್ನ ಎದೆ ಮುಟ್ಟಿಕೊಂಡು “ಅಪ್ಪ” ಅಂದೆ. ಅವಳು ತನ್ನ ಎದೆ ಮುಟ್ಟಿಕೊಂಡು ಸ್ಪಷ್ಟವಾಗಿ “ಅಪ್ಪ” ಅಂದಳು. “ಅಲ್ಲವ್ವಾ, ನಾನು ಅಪ್ಪ” ಎಂದರೆ ಇನ್ನೂ ಜೋರಾಗಿ ತನ್ನೆದೆಯನ್ನೇ ಬಡಿದುಕೊಂಡಳು. ಸಂಜೆಯೊಳಗೆ ಕನ್ನಡಿಯಲ್ಲಿ ತನ್ನನ್ನು ಕಂಡು ‘ಅಪ್ಪ’ ಎನ್ನತೊಡಗಿದಳು. ಮನೆಯಲ್ಲಿ ಅಪ್ಪನ ಹುದ್ದೆ ಭರ್ತಿಯಾಯಿತು.

“ಬಿಡ್ರಿ, ತಾನಾಗೆ ಅಂತೈತೆ. ನೀವ್ ಮನೇಲಿದ್ರೆ ತಾನೆ ಕೂಸು ಗುರ್ತು ಹಿಡಿಯಾದು” ಎಂದರು ಅತ್ತೆ. ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೂ ಊಟ ಸೇರಲಿಲ್ಲ.

ರಜೆಯ ನಡುವೆ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಪೇಪರು ಓದುತ್ತಿದ್ದೆ. ಸಿರಿ ಬಂದು ನನ್ನನ್ನೇ ನೋಡುತ್ತ ನಿಂತಳು. ಇದೇನು, ಇನ್ನೂ ಇಲ್ಲೇ ಇದೆಯಲ್ಲ ಎಂಬಂಥ ನೋಟ. ಆಮೇಲೆ ಬಾಗಿಲಿಗೆ ಹೋಗಿ ನನ್ನ ಚಪ್ಪಲಿಗಳನ್ನು ಒಂದೊಂದಾಗಿ ಎಳೆದು ತಂದು ಕಾಲ ಬಳಿ ಇಟ್ಟಳು. ಮುದ್ದಾಗಿ ಕೈ ಬೀಸಿ, “ತಾತಾ” ಅಂದಳು. ಅಡುಗೆಮನೆಯಿಂದ ನೋಡುತ್ತಿದ್ದ ರತ್ನ ಈ ಸಲ ನಗಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹೋಗುವ ಕೆಲಸವೇನೂ ಇಲ್ಲದೆ ಓಣಿಯ ತಿರುವಿನ ಬಿಸಿಲಲ್ಲಿ ಸುಮ್ಮನೆ ನಿಂತುಕೊಂಡೆ. ಏನು ಮಾಡಲಿ? ನನ್ನ ಬಗ್ಗೆ ಮಗಳಿಗೆ ಗೊತ್ತಿರುವುದು ಅದೊಂದೇ ಮಾತು. ಅದನ್ನೂ ಸುಳ್ಳು ಮಾಡಲು ಮನಸ್ಸಾಗಲಿಲ್ಲ.