ವೈರುಗಳು ಪಳಗುವವರೆಗೆ

ನಮ್ಮ ವಸತಿ ಸಮುಚ್ಚಯದ ನಿಯಮಾವಳಿಯಲ್ಲಿ ಜಡೆ ಎಂಬ ಪದ ಮೊದಲು ಇರಲಿಲ್ಲ. ಅದನ್ನು ಸೇರಿಸಬೇಕಾಗಿ ಬಂದದ್ದು ಎರಡನೇ ಮಹಡಿಯಲ್ಲಿರುವ ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರಿಂದ.

ಅಂಗಡಿಯವರ ತಕ್ಕಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವುದು ಅವರ ಉದ್ಯೋಗ. ಆ ಚಾಳಿ ಮನೆಗೆ ಬಂದ ಮೇಲೂ ಬಿಡುತ್ತಿರಲಿಲ್ಲ. ಹಾಡು ಕೇಳಲೆಂದು ದೊಡ್ಡ ಸ್ಪೀಕರ್ ಜೋಡಿ ತಂದು, ಅದಕ್ಕೆ ಜಡೆಯಂತೆ ಹೆಣೆದ ದುಬಾರಿ ವೈರು ಹಾಕಿಸಿದ್ದರು. ಆದರೂ ಹಾಡುವವಳು ಪರದೆಯ ಹಿಂದೆ ನಿಂತು ಹಾಡಿದಂತಿದೆ ಎಂದು ಊಟ ಸೇರದೆ ಕೊರಗುತ್ತಿದ್ದರು. ಕೊನೆಗೆ, ಕಾರ್ಖಾನೆಯವರು ಜಡೆಯನ್ನು ಬಿಗಿಯಾಗಿ ಹೆಣೆದು ಸ್ವರದ ಉಸಿರು ಕಟ್ಟಿಸಿದ್ದಾರೆ ಎಂಬ ತೀರ್ಮಾನಕ್ಕೆ ಬಂದು, ವೈರನ್ನು ಪೂರ್ತಿ ಬಿಚ್ಚಿ ನಡುಮನೆಯ ನೆಲದ ಮೇಲೆ ಹರಡಿದರು. ಬಿಚ್ಚಿದ್ದೇನೋ ಆಯಿತು, ಮತ್ತೆ ಹೆಣೆಯಲು ಬರಲಿಲ್ಲ. ದಿನಾ ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಅಭ್ಯಾಸವಿದ್ದ ಅವರ ಹೆಂಡತಿ, ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಎರಡು ವೈರನ್ನೂ ಸಡಿಲವಾಗಿ ಹೆಣೆದುಕೊಟ್ಟರು. ಇನ್‌ಸ್ಪೆಕ್ಟರು ಅದರ ಮೇಲೆ ಹತ್ತಿಯ ನೂಲು ಸುತ್ತಿ, ತುದಿಗಳನ್ನು ಸಿಕ್ಕಿಸಿ, ಹಾಡು ಹಾಕಿ ಕಣ್ಣು ಮುಚ್ಚಿದರು.

"ಪರದೆ ಸರೀತು" ಎಂದರು.

ಹೆಂಡತಿಗೆ ಹಳೆಯ ಹಾಡೇ ಕೇಳಿಸಿತು. ಆದರೆ ಗಂಡ ಬಹಳ ದಿನಗಳ ಮೇಲೆ ನಕ್ಕಿದ್ದರು, ಮಾಡಿಟ್ಟ ಅಡುಗೆ ಬೇರೆ ಆರುತ್ತಿತ್ತು. "ಹೌದು ಕಣ್ರೀ, ಸರೀತು" ಎಂದರು. ತಾಂತ್ರಿಕ ಪರಿಶೀಲನೆ ಹೀಗೆ ಪೂರ್ಣಗೊಂಡಿತು.

ಸುದ್ದಿ ತಿಳಿದು ಸಂಘದ ಕಾರ್ಯದರ್ಶಿಗಳು ಬಂದರು. ಇವರು ನೋಂದಣಿ ಕಚೇರಿಯಿಂದ ನಿವೃತ್ತರಾದವರು. ಇನ್‌ಸ್ಪೆಕ್ಟರಿಗೆ ಕೇಳಿಸಿದ್ದು ತಮಗೆ ಕೇಳಿಸದಿದ್ದರೆ ಹುದ್ದೆಗೆ ಶೋಭೆಯಲ್ಲವೆಂದು, ಕೊಳಲಿನವನು ಉಸಿರೆಳೆದುಕೊಂಡದ್ದೂ ಕೇಳಿಸಿತೆಂದು ಹೇಳಿ ಎದ್ದರು. ಹಾಡಿನಲ್ಲಿ ಕೊಳಲು ಇರಲಿಲ್ಲ. ಅದು ಜಡೆಯ ಹೆಚ್ಚುಗಾರಿಕೆ ಎಂದು ಎಲ್ಲರೂ ಒಪ್ಪಿದರು.

ಅಲ್ಲಿಂದ ಮುಂದೆ ಮನೆಮನೆಯವರೂ ವೈರು ಬಿಚ್ಚಿಕೊಂಡು ಇನ್‌ಸ್ಪೆಕ್ಟರ ಹೆಂಡತಿಯ ಬಾಗಿಲಿಗೆ ಬಂದು ನಿಂತರು. ಆ ತಾಯಿಗೆ ಮಗಳ ತಲೆ ಬಾಚಲು ಪುರಸೊತ್ತಿಲ್ಲದೆ ಹೋಗಿ, ಒಂದು ದಿನ ಕತ್ತರಿ ತೆಗೆದುಕೊಂಡು ಮಗಳ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟರು. ಹುಡುಗಿ ಕನ್ನಡಿ ಮುಂದೆ ನಿಂತು ಅತ್ತಳು. ಪಕ್ಕದ ಮನೆಯವರು ಅಳುವಿನ ಸ್ವರ ಎಷ್ಟು ನಿಚ್ಚಳವಾಗಿದೆ ಎಂದು ಮೆಚ್ಚಿಕೊಂಡರು.

ಇಷ್ಟೆಲ್ಲ ಜಡೆ ಅನುಮತಿಯಿಲ್ಲದೆ ನಡೆಯುತ್ತಿರುವುದು ಕಾರ್ಯದರ್ಶಿಗಳಿಗೆ ಸರಿಕಾಣಲಿಲ್ಲ. ಜಡೆ ಉಪಸಮಿತಿ ರಚನೆಯಾಯಿತು. ಸ್ವಂತ ಮನೆಯವರಿಗೆ ನಾಲ್ಕೆಳೆ, ಬಾಡಿಗೆಯವರಿಗೆ ಮೂರೆಳೆ ಎಂದು ನಿಗದಿಯಾಯಿತು. ಬಾಡಿಗೆಗಿದ್ದ ಮೇಷ್ಟರೊಬ್ಬರು ಗುಟ್ಟಾಗಿ ನಾಲ್ಕನೇ ಎಳೆ ಸೇರಿಸಿದ್ದು ತಪಾಸಣೆಯಲ್ಲಿ ಪತ್ತೆಯಾಗಿ, ಹೆಚ್ಚುವರಿ ಎಳೆಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ನೂಲನ್ನು ಕಡ್ಡಾಯವಾಗಿ ಒಂದೇ ಅಂಗಡಿಯಿಂದ ಕೊಳ್ಳಬೇಕೆಂದು ಗೊತ್ತುಮಾಡಲಾಯಿತು. ಆ ಅಂಗಡಿ ಕಾರ್ಯದರ್ಶಿಗಳ ಭಾವಮೈದುನನದಾಗಿದ್ದುದು ಆಯ್ಕೆಯನ್ನು ಸುಲಭಗೊಳಿಸಿತು.

ತೊಡಕು ಬಂದದ್ದು ಆಮೇಲೆ. ಹೊಸ ಜಡೆ ಪಳಗಬೇಕಾದರೆ ಅದರಲ್ಲಿ ಹಾಡು ಬಿಡುವಿಲ್ಲದೆ ಹರಿಯಬೇಕು, ಮನುಷ್ಯರ ಮೈ ಮೆತ್ತಗಿರುವುದರಿಂದ ಎಳೆಯ ಸ್ವರವನ್ನು ಹೀರಿಕೊಂಡುಬಿಡುತ್ತದೆ, ಆದ್ದರಿಂದ ಹತ್ತಿರ ಯಾರೂ ಇರಬಾರದು ಎಂದು ಇನ್‌ಸ್ಪೆಕ್ಟರು ಸಭೆಗೆ ವಿವರಿಸಿದರು. ಮರುದಿನವೇ ಗೋಡೆಯ ಮೇಲೆ ಪ್ರಕಟಣೆ ಬಿತ್ತು:

"ಜಡೆ ಮಂಜೂರಾದ ಮನೆಗಳಲ್ಲಿ ಹಾಡು ಸದಾ ನುಡಿಯುತ್ತಿರತಕ್ಕದ್ದು. ಸದರಿ ಮನೆಗಳಲ್ಲಿ ನಿವಾಸಿಗಳು ವಾಸಿಸತಕ್ಕದ್ದಲ್ಲ. ಅಡುಗೆ, ಸ್ನಾನಾದಿಗಳಿಗೆ ಒಳಹೋಗುವವರು ಹಾಡನ್ನು ಕೇಳಿಸಿಕೊಳ್ಳದೆ ಹೊರಬರತಕ್ಕದ್ದು."

ಜನ ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕ ಹೊತ್ತು ಕೆಳಗಿನ ಕಾರು ನಿಲ್ಲಿಸುವ ಜಾಗಕ್ಕೆ ಇಳಿದರು. ಕಾರುಗಳನ್ನು ರಸ್ತೆಗೆ ಕಳಿಸಲಾಯಿತು. ಹಠ ಹಿಡಿದವರು ಇನ್‌ಸ್ಪೆಕ್ಟರ ತಾಯಿ ಒಬ್ಬರೇ. ಕುರ್ಚಿ ಬಿಟ್ಟೇಳಲಿಲ್ಲ.

"ನಂಗೇನೂ ಬೇರೆ ಥರ ಕೇಳಿಸ್ಲಿಲ್ಲಪ್ಪ" ಎಂದರು ಮಗನಿಗೆ. "ಅದೇ ಹಾಡು, ಅದೇ ಗಂಟಲು."

ಮಗ ತಲೆ ತಗ್ಗಿಸಿದರು. ಸೊಸೆ ಅತ್ತೆಯ ಮುಖವನ್ನೇ ನೋಡುತ್ತ, ಅವರ ಹಾಸಿಗೆ ಸುತ್ತತೊಡಗಿದರು. ಕಾರ್ಯದರ್ಶಿಗಳು ಮಾತ್ರ ಸ್ವಲ್ಪವೂ ಬೇಸರಿಸಿಕೊಳ್ಳದೆ, "ಅಮ್ಮಾ, ನಿಮ್ಮ ಕಿವಿಗೆ ಇನ್ನೂ ಮಂಜೂರಾತಿ ಬಂದಿಲ್ಲ, ಅದಕ್ಕೇ ಹಾಗೆ" ಎಂದು ಸಮಾಧಾನ ಹೇಳಿ, ಕುರ್ಚಿ ಸಮೇತ ಅವರನ್ನು ಕೆಳಗಿಳಿಸುವ ವ್ಯವಸ್ಥೆ ಮಾಡಿದರು.

ಪಳಗಿತೋ ಇಲ್ಲವೋ ನೋಡುವ ಹೊಣೆ ಇನ್‌ಸ್ಪೆಕ್ಟರದು. ನೋಡಲು ಒಳಗೆ ಹೋಗಬೇಕು. ಒಳಗೆ ಹೋದರೆ ಅವರ ಮೈಯೂ ಮೆತ್ತಗಿನದೇ, ವೈರು ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಈ ಅಡಚಣೆಯನ್ನು ಸಮಿತಿ ಗಂಭೀರವಾಗಿ ಪರಿಗಣಿಸಿ, ಪರೀಕ್ಷೆಯನ್ನು ಕೆಳಗಿನಿಂದಲೇ ನಡೆಸಬೇಕೆಂದು ಗೊತ್ತುವಳಿ ಮಾಡಿತು. ಮೇಲಿನ ಮನೆಗಳ ಹಾಡುಗಳೆಲ್ಲ ಒಂದರೊಳಗೊಂದು ಬೆರೆತು, ಸಂತೆಯಲ್ಲಿ ಜಗಳವಾದಂತೆ ಕೆಳಗೆ ಸುರಿಯುತ್ತಿದ್ದವು. ಇನ್‌ಸ್ಪೆಕ್ಟರು ಕಂಬಕ್ಕೊರಗಿ ಕೇಳುತ್ತಲೇ ಇದ್ದರು. ಜನ ಅವರ ಮುಖ ನೋಡುತ್ತ ಕೂತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅಷ್ಟೂ ಮನೆಗಳು ಒಟ್ಟಿಗೆ ಬಾಯಿ ಮುಚ್ಚಿದವು. ಯಾರದೋ ಮಗು ನಿದ್ದೆಯಲ್ಲಿ ಹೊರಳಿದ್ದು ಸಹ ಕೇಳಿಸಿತು. ಕುರ್ಚಿಯಲ್ಲಿದ್ದ ಮುದುಕಮ್ಮ ಕಾಲು ಚಾಚಿಕೊಂಡು, "ಈಗ ಚೆನ್ನಾಗಿದೆ" ಎಂದರು.

ಮೊದಲು ಚಪ್ಪಾಳೆ ತಟ್ಟಿದವರು ಕಾರ್ಯದರ್ಶಿಗಳು. ವಿರೋಧಿಸಿದವರೇ ಮೆಚ್ಚಿದ ಮೇಲೆ ಇನ್ನೇನು ಬೇಕು ಎಂದರು. ಇನ್‌ಸ್ಪೆಕ್ಟರು ಕಣ್ಣೊರೆಸಿಕೊಂಡು, ಇಷ್ಟು ಶುದ್ಧವಾದ ಧ್ವನಿಯನ್ನು ತಾವು ಈ ಜನ್ಮದಲ್ಲಿ ಕೇಳಿರಲಿಲ್ಲವೆಂದು ಬರೆದುಕೊಟ್ಟರು. ಇಂಥ ಧ್ವನಿ ಕೇಳುವುದು ಇಲ್ಲಿಂದ ಮಾತ್ರವಾದ್ದರಿಂದ ವಾಸ ಇಲ್ಲೇ ಕಾಯಂ ಎಂದು ಸರ್ವಾನುಮತದಿಂದ ನಿರ್ಣಯವಾಯಿತು.

ಸಂಜೆಯೊಳಗೆ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು ಒಂದೊಂದು ಸಂಸಾರಕ್ಕೆ ಒಂದೊಂದು ಚೌಕ ಕೊಟ್ಟರು. ಬಾಡಿಗೆಯವರ ಚೌಕ ಸ್ವಲ್ಪ ಸಣ್ಣದು. ಇನ್‌ಸ್ಪೆಕ್ಟರ ಹೆಂಡತಿ ಮಗಳನ್ನು ಪಕ್ಕಕ್ಕೆಳೆದುಕೊಂಡು ಕಾರ್ಯದರ್ಶಿಗಳ ಹತ್ತಿರ ಹೋದರು.

"ನಲ್ಲಿ ಹತ್ತಿರ ಇರೋ ಜಾಗ ಕೊಡಿ, ಅಷ್ಟು ಸಾಕು" ಎಂದರು.

ಕಾರ್ಯದರ್ಶಿಗಳು ಅರ್ಜಿ ಹಾಕಲು ಹೇಳಿದರು. ಆಕೆ ಹಾಕಿದರು.